ಇಸ್ಕೂಲು, ಟೇಸನ್ನು, ಗಿಲಾಸ: ಮನೆಮಂದಿಯ ಬಾಯಲ್ಲಿ ಪಳಗಿದ ಇಂಗ್ಲಿಷ್ ಪದಗಳನ್ನು ಬರೆದಿಡುವ ಬಗೆ

ಅಜ್ಜಿ ಅನ್ನುವುದು ‘ಟೇಸನ್’. ಅಪ್ಪ ಅನ್ನುವುದು ‘ಇಷ್ಟೇಷನ್’. ಇಂಗ್ಲಿಷ್ ಮೀಡಿಯಂ ಮೊಮ್ಮಗಳು ‘ಸ್ಟೇಷನ್’ ಅಂದು ಇಬ್ಬರ ಮುಖ ನೋಡಿ ಕಿಸಕ್ಕನೆ ನಗುತ್ತಾಳೆ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಯಾವ ಮನೆಯ ಪಡಸಾಲೆಯಲ್ಲಿ ಕೂತರೂ ಇದು ಕಿವಿಗೆ ಬೀಳುತ್ತದೆ. ಆದರೆ ಅಜ್ಜಿ ಬಾಯಿಗೆ ಬಂದದ್ದನ್ನು ಅಂದವರಲ್ಲ. ಆ ಮೂರೂ ರೂಪಗಳ ಹಿಂದೆ ಒಂದೊಂದು ಲೆಕ್ಕವಿದೆ. ಲೆಕ್ಕ ಹಿಡಿದರೆ, ಅಜ್ಜಿ ಇನ್ನೂ ಕೇಳಿಯೇ ಇರದ ಒಂದು ಹೊಸ ಪದವನ್ನು ನಾಳೆ ಹೇಗೆ ಅನ್ನಬಹುದು ಎಂದು ಇವತ್ತೇ ಹೇಳಬಹುದು.

ಇಂಥ ಪದಗಳನ್ನು ಮನೆಯಲ್ಲೇ ಕೂಡಿಸಿ, ಸರಿಯಾಗಿ ಬರೆದು, ಯಾವುದು ಯಾಕೆ ಹಾಗಾಯಿತು ಎಂದು ಗುರುತು ಹಾಕಿ ಇಡುವುದು ಹೇಗೆ ಎಂಬುದನ್ನು ಇಲ್ಲಿ ಹೇಳಿದೆ. ಬೇಕಾದದ್ದು ಒಂದು ಮೊಬೈಲು, 200 ಪುಟದ ಒಂದು ನೋಟ್‌ಬುಕ್ಕು, ನಾಲ್ಕೈದು ಬೆಳಗಿನ ಹೊತ್ತು.

ಪಟ್ಟಿ ಮೊದಲು

ಕೂತಲ್ಲೇ ನೆನಪಾದ ಪದ ಕೇಳುತ್ತ ಹೋದರೆ ಇಪ್ಪತ್ತಕ್ಕೆ ನಿಂತುಬಿಡುತ್ತದೆ. ಮೊದಲೇ ಅರವತ್ತು ಪದಗಳ ಪಟ್ಟಿ ಮಾಡಿಕೊಳ್ಳಿ, ಜಾಗದ ಪ್ರಕಾರ. ಅಡಿಗೆಮನೆಯಿಂದ ಹದಿನೈದು: ಪ್ಲೇಟು, ಗ್ಲಾಸು, ಸ್ಪೂನು, ಸ್ಟೀಲು, ಕುಕ್ಕರು, ಫ್ರಿಜ್ಜು, ಲೈಟರು, ಬಿಸ್ಕತ್ತು, ಟೊಮೆಟೊ ಇತ್ಯಾದಿ. ರಸ್ತೆಯಿಂದ ಹದಿನೈದು: ಸ್ಟೇಷನ್, ಬಸ್‌ಸ್ಟ್ಯಾಂಡ್, ಪಂಕ್ಚರ್, ಬ್ರೇಕು, ಪೆಟ್ರೋಲು, ಟಿಕೆಟ್. ದವಾಖಾನೆಯಿಂದ ಹತ್ತು: ಡಾಕ್ಟರು, ಇಂಜೆಕ್ಷನ್, ಎಕ್ಸ್‌ರೇ, ಆಪರೇಷನ್. ಹೊಲದಿಂದ ಹತ್ತು: ಟ್ರ್ಯಾಕ್ಟರ್, ಟ್ರೇಲರ್, ಸ್ಪ್ರೇ, ಮೋಟಾರು, ಟ್ರಾನ್ಸ್‌ಫಾರ್ಮರ್. ಉಳಿದ ಹತ್ತು ಶಾಲೆ, ಬ್ಯಾಂಕು, ಫೋನಿಗೆ ಸೇರಿದವು.

ಆರಿಸುವಾಗ ಗಮನ ಕೊಡಬೇಕಾದದ್ದು ಪದದ ಆಕಾರದ ಕಡೆಗೆ. ‘ಸ್’ ಮತ್ತು ಇನ್ನೊಂದು ವ್ಯಂಜನ ಕೂಡಿ ಶುರುವಾಗುವ ಪದ ಎಂಟಾದರೂ ಇರಲಿ. ‘ಫ್’ ಇರುವವು ಆರು, ‘ಶ್’ ಇರುವವು ನಾಲ್ಕು, ಒಂದೇ ಹ್ರಸ್ವ ಸ್ವರದ ಚಿಕ್ಕ ಪದಗಳು ಆರು. ಲೆಕ್ಕ ಕಾಣುವುದು ಒಂದೇ ಆಕಾರದ ನಾಲ್ಕಾರು ಪದ ಪಕ್ಕಪಕ್ಕ ಬಂದಾಗ. ಒಂಟಿ ಪದ ಏನನ್ನೂ ಹೇಳುವುದಿಲ್ಲ.

ಹಿರಿಯರು ಪದವನ್ನೇ ಬಿಟ್ಟು ಅಕ್ಷರ ಹಿಡಿದಿರುತ್ತಾರೆ, ಅದನ್ನೂ ಬರೆದುಕೊಳ್ಳಿ. ಟ್ರಾನ್ಸ್‌ಫಾರ್ಮರ್ ಎಂಬ ಉದ್ದದ ಪದಕ್ಕೆ ಯಾವ ರೈತನೂ ಕೈ ಹಾಕುವುದಿಲ್ಲ. ‘ಟಿಸಿ ಸುಟ್ಟೈತಿ’ ಅಂದರೆ ಮುಗಿಯಿತು. ತುಂಗಭದ್ರೆಯ ಬಲದಂಡೆ ಕೆಳಮಟ್ಟದ ಕಾಲುವೆ ಬಳ್ಳಾರಿ ಕಡೆ ‘ಎಲ್ಲೆಲ್ಸಿ’, ಮೇಲ್ಮಟ್ಟದ್ದು ‘ಎಚ್ಚೆಲ್ಸಿ’. ಅಕ್ಷರಗಳು ಒಂದಕ್ಕೊಂದು ಅಂಟಿ ದ್ವಿತ್ವವಾಗಿ ಅಚ್ಚ ಕನ್ನಡದ ಪದದ ಹಾಗೆ ಉರುಳುತ್ತವೆ. ಎಮ್ಮೆಲ್ಲೆ, ಎಸ್ಸೆಸ್ಸೆಲ್ಸಿ ಆದದ್ದೂ ಹೀಗೇ.

ಪದ ಬಾಯಿ ಬಿಡಿಸುವುದು

ಎಲ್ಲರೂ ಎಡವುವುದು ಇಲ್ಲೇ. ‘ಅಜ್ಜಿ, ಸ್ಟೇಷನ್‌ಗೆ ನೀ ಏನಂತಿ?’ ಎಂದು ಕೇಳಿದರೆ ಪದವನ್ನು ನೀವೇ ಬಾಯಿಗೆ ಹಾಕಿದ ಹಾಗಾಯಿತು. ಅಜ್ಜಿ ಅದನ್ನೇ ತಿರುಗಿ ಅನ್ನುತ್ತಾರೆ, ಇಲ್ಲವೇ ‘ಅಂತೀನಿ ಬಿಡು ಏನೋ ಒಂದು’ ಎಂದು ಸುಮ್ಮನಾಗುತ್ತಾರೆ. ಪದ ನಿಮ್ಮ ಬಾಯಿಂದ ಬರಬಾರದು. ವಸ್ತು ಎದುರಿಗಿದ್ದರೆ ಕೈಯಲ್ಲಿ ಹಿಡಿದು ‘ಇದಕ ಏನಂತೀರಿ?’ ಅನ್ನಿ. ಎದುರಿಗಿಲ್ಲದಿದ್ದರೆ ಸುತ್ತು ಬಳಸಿ ಕೇಳಿ: ‘ರೈಲು ಹತ್ತಾಕ ಎಲ್ಲಿಗೆ ಹೋಗಬೇಕು?’, ‘ಗಾಡಿ ಗಾಲಿಗೆ ಮುಳ್ಳು ಚುಚ್ಚಿದರ ಏನಾತು ಅಂತಾರ?’

ಪ್ರತಿ ಪದವನ್ನು ಮೂರು ಸಲ ಹೇಳಿಸಿ, ಮೂರೂ ಬೇರೆ ಬೇರೆ ಜಾಗದಲ್ಲಿ: ಒಮ್ಮೆ ಬಿಡಿಯಾಗಿ, ಒಮ್ಮೆ ವಾಕ್ಯದ ನಡುವೆ, ಒಮ್ಮೆ ‘ನ್ಯಾಗ’ ಅಥವಾ ‘ಗೆ’ ಹತ್ತಿಸಿ. ‘ಬಸ್ಸು’ ಎಂದವರು ‘ಬಸ್ಸಿನ್ಯಾಗ ಜಾಗ ಇದ್ದಿಲ್ಲ’ ಅನ್ನುವಾಗ ಕೊನೆಯ ಉಕಾರ ಕರಗಿ ಇಕಾರ ಬರುತ್ತದೆ. ಕಲ್ಲು ‘ಕಲ್ಲಿನ್ಯಾಗ’ ಆದ ಹಾಗೆ. ಪದ ಕನ್ನಡದ ವಿಭಕ್ತಿಗೆ ಇಷ್ಟು ಸಲೀಸಾಗಿ ಬಗ್ಗಿತೆಂದರೆ ಅದು ಹೊರಗಿನದಾಗಿ ಉಳಿದಿಲ್ಲ.

ಒಮ್ಮೆ ಕೂತರೆ ಇಪ್ಪತ್ತು ನಿಮಿಷ, ಹೆಚ್ಚೆಂದರೆ ಇಪ್ಪತ್ತು ಪದ. ಅದರಾಚೆ ಎಳೆದರೆ ಹೇಳುವವರಿಗೆ ತಮ್ಮ ಮಾತನ್ನು ಯಾರೋ ತೂಗುತ್ತಿದ್ದಾರೆ ಎಂಬ ಎಚ್ಚರ ಬಂದು ನಾಲಿಗೆ ಬಿಗಿಯಾಗುತ್ತದೆ. ಆಗ ಬರುವುದು ಮನೆಮಾತು ಅಲ್ಲ, ಸಾಹೇಬರ ಮುಂದಿನ ಮಾತು. ಮಕ್ಕಳನ್ನು ಆ ಹೊತ್ತಿಗೆ ಬೇರೆ ಕೋಣೆಗೆ ಕಳಿಸಿ. ಒಂದು ಮಗು ನಕ್ಕರೆ ಸಾಕು, ಅಜ್ಜಿ ‘ಗಿಲಾಸ’ ಬಿಟ್ಟು ‘ಚರಿಗಿ’ಗೆ ಹೊರಳಿಬಿಡುತ್ತಾರೆ, ಆ ದಿನದ ಕೆಲಸ ಮುಗಿದಂತೆ. ರೆಕಾರ್ಡ್ ಮಾಡುತ್ತಿದ್ದೀರಿ ಎಂಬುದನ್ನು ಮಾತ್ರ ಮೊದಲೇ ಹೇಳಿ. ಕದ್ದು ಮಾಡಿದ್ದು ಗೊತ್ತಾದರೆ ಎರಡನೇ ಸಲ ಬಾಯಿ ಬಿಡುವವರಿಲ್ಲ, ಬಿಡದಿರುವುದೇ ಸರಿ.

ರೆಕಾರ್ಡಿಂಗಿನಲ್ಲಿ ಕೆಡುವುದು

ಮೊಬೈಲಿನ ರೆಕಾರ್ಡರ್‌ನಲ್ಲಿ ಸೆಟ್ಟಿಂಗ್ ತೆಗೆದು ‘ವೇವ್’ ಮಾದರಿ ಆರಿಸಿ, 44100 ಹರ್ಟ್ಸ್, ಮೋನೊ. ಒಂದು ನಿಮಿಷಕ್ಕೆ ಸುಮಾರು 5 ಎಂಬಿ ಹಿಡಿಯುತ್ತದೆ, ಇಪ್ಪತ್ತು ನಿಮಿಷಕ್ಕೆ ನೂರರ ಆಸುಪಾಸು. ಜಾಗ ಹೋಗುತ್ತದೆಂದು ಜಿಪುಣತನ ಬೇಡ. ಫೋನು ಬಾಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲ, ಸ್ವಲ್ಪ ಓರೆಗೆ ಇರಲಿ. ಎದುರಿಗೆ ಹಿಡಿದರೆ ‘ಪ’ ಅಂದಾಗ ಉಸಿರು ಮೈಕಿಗೆ ಬಡಿದು ‘ಪ’ ಕೂಡ ‘ಫ’ ಆಗಿ ಕೇಳುತ್ತದೆ. ಈ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಎಡವಟ್ಟು ಇಲ್ಲ.

ಮಧ್ಯಾಹ್ನ ಬೇಡ. ರಾಯಚೂರಿನ ಬೇಸಿಗೆಯಲ್ಲಿ ಕೂಲರ್ ಆರಿಸಿ ಕೂರಿ ಎಂದು ಹಿರಿಯರಿಗೆ ಹೇಳುವುದು ಪಾಪದ ಕೆಲಸ, ಆರಿಸದಿದ್ದರೆ ಅದರ ಸುಯ್ ಸದ್ದು ‘ಸ’, ‘ಶ’, ‘ಫ’ ಮೂರನ್ನೂ ನುಂಗುತ್ತದೆ. ಈ ಮೂರು ಧ್ವನಿಗಳ ಗುರುತೆಲ್ಲ ಎತ್ತರದ ಕಂಪನಗಳಲ್ಲಿದೆ. ‘ಸ’ದ ಬಲವೆಲ್ಲ ಇರುವುದು 4000 ಹರ್ಟ್ಸ್ ಮೇಲೆ. ಹಳೆಯ ಟೆಲಿಫೋನ್ ಲೈನು ದಾಟಿಸುತ್ತಿದ್ದದ್ದು 300ರಿಂದ 3400 ಹರ್ಟ್ಸ್ ಮಾತ್ರ. ಫೋನಿನಲ್ಲಿ ‘ಎಫ್’ ಅಂದದ್ದು ‘ಎಸ್’ ಎಂದು ಕೇಳುವುದು ಇದಕ್ಕೇ. ಆದ್ದರಿಂದ ಬೇರೆ ಊರಿನ ದೊಡ್ಡಮ್ಮನ ಮಾತನ್ನು ಫೋನ್ ಕರೆಯಲ್ಲಿ ರೆಕಾರ್ಡ್ ಮಾಡಬೇಡಿ. ಹೋದಾಗ ಮಾಡಿ, ಇಲ್ಲವೇ ಅಲ್ಲಿರುವ ಹುಡುಗರ ಕೈಯಲ್ಲಿ ಅವರ ಫೋನಿನಲ್ಲೇ ಮಾಡಿಸಿ ಫೈಲನ್ನು ಹಾಗೇ ತರಿಸಿಕೊಳ್ಳಿ.

ಕನ್ನಡ ಲಿಪಿಯಲ್ಲಿ ಬರೆಯುವಾಗ

ನಮ್ಮ ಲಿಪಿ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಎ-ಏ, ಒ-ಓ ಬೇರೆ ಇರುವುದರಿಂದ ‘ಟಿಕೆಟ್’, ‘ಟಿಕೇಟ್’, ‘ಟಿಕೀಟ್’ ಮೂರನ್ನೂ ಗೊಂದಲವಿಲ್ಲದೆ ಬರೆಯಬಹುದು. ಕಷ್ಟ ಬರುವುದು ಎರಡು ಕಡೆ. ಕೆಳತುಟಿಯನ್ನು ಹಲ್ಲಿಗೆ ತಾಗಿಸಿ ಅನ್ನುವ ‘ಫ’ಗೂ ನಮ್ಮ ಮಹಾಪ್ರಾಣದ ‘ಫ’ಗೂ ಒಂದೇ ಅಕ್ಷರ, ಹಾಗೇ ‘ಜೀರೊ’ ಎನ್ನುವುದರ ಮೊದಲ ಧ್ವನಿಗೂ ‘ಜೀರಿಗೆ’ಯ ಜಕ್ಕೂ ಒಂದೇ. ಇದಕ್ಕೆ ಅಕ್ಷರದ ಬುಡಕ್ಕೆ ಎರಡು ಚುಕ್ಕಿ ಇಡುವ ನುಕ್ತಾ ಇದೆ: ಫ಼, ಜ಼. ಯೂನಿಕೋಡ್‌ನಲ್ಲೂ ಇದೆ, ಕೈಬರಹದಲ್ಲಂತೂ ಸಲೀಸು. ಪಕ್ಕದ ಮನೆಯ ದಖನಿ ಉರ್ದು ಮಾತಾಡುವವರ ‘ಫ಼ೀಸ್’, ‘ಜ಼ೀರೊ’ ಬರೆಯಲು ಇದು ಬೇಕೇ ಬೇಕು, ಅವರ ನಾಲಿಗೆಯಲ್ಲಿ ಆ ಧ್ವನಿಗಳು ಹುಟ್ಟಿನಿಂದಲೇ ಇವೆ.

ಟೈಪ್ ಮಾಡುವಾಗ ‘ಬಸ್‌ಸ್ಟ್ಯಾಂಡ್’ ಒತ್ತಕ್ಷರಗಳ ರಾಶಿಯಾಗದಂತೆ ಅರ್ಧಾಕ್ಷರ ಆದಮೇಲೆ, ಮುಂದಿನ ಅಕ್ಷರ ಅದಕ್ಕೆ ಕೂಡದಂತೆ ತಡೆಯುವ ಗುಂಡಿ (ZWNJ) ಒತ್ತಿ. ಮೊಬೈಲಿನ ಕೆಲವು ಕೀಲಿಮಣೆಗಳಲ್ಲಿ ಅದು ಸಿಗದಿದ್ದರೆ ಪದವನ್ನೇ ಬಿಡಿಸಿ ಬರೆಯಿರಿ, ಅಂದವೇನೂ ಕೆಡುವುದಿಲ್ಲ.

ಒಂದು ನಮೂದು ಹೀಗಿರಲಿ:

ಗ್ಲಾಸು. ಅಜ್ಜಿ, 78 ವರ್ಷ, ತವರು ಲಿಂಗಸುಗೂರು ತಾಲೂಕು: ಗಿಲಾಸ. ‘ಗಿಲಾಸಿನ್ಯಾಗ ಒಂಚೂರು ನೀರು ತೊಗೊಂಬಾ.’ ಅಪ್ಪ, 52, ಸಿಂಧನೂರು: ಗಲಾಸು. ಮಗಳು, 14, ಇಂಗ್ಲಿಷ್ ಮೀಡಿಯಂ: ಗ್ಲಾಸ್. ಅರ್ಥ: ಅಜ್ಜಿಗೆ ಸ್ಟೀಲಿನದೂ ಗಿಲಾಸವೇ, ಮಗಳಿಗೆ ಗಾಜಿನದು ಮಾತ್ರ ಗ್ಲಾಸ್. ದಿನಾಂಕ, ಫೈಲಿನ ಸಂಖ್ಯೆ.

ಅರ್ಥದ ಸಾಲನ್ನು ಬಿಡಬೇಡಿ. ಉಚ್ಚಾರದ ಜೊತೆ ಅರ್ಥವೂ ಸರಿದಿರುತ್ತದೆ. ತವರೂರನ್ನು ಬರೆಯುವುದೂ ಅಷ್ಟೇ ಮುಖ್ಯ. ಮದುವೆಯಾಗಿ ಬಂದು ಐವತ್ತು ವರ್ಷವಾದರೂ ಸೊಸೆಯ ನಾಲಿಗೆಯಲ್ಲಿ ತವರಿನ ಉಚ್ಚಾರ ಎಲ್ಲೋ ಒಂದೆರಡು ಪದದಲ್ಲಿ ಕೂತಿರುತ್ತದೆ.

ಲೆಕ್ಕ ಹಿಡಿಯುವುದು

ನೋಟ್‌ಬುಕ್ಕು ತುಂಬಿದ ಮೇಲೆ ಪದಗಳನ್ನು ಆಕಾರದ ಪ್ರಕಾರ ಗುಂಪು ಮಾಡಿ. ಮೊದಲು ಕಣ್ಣಿಗೆ ಬೀಳುವುದು ಪದದ ಬಾಲ. ಬಸ್ಸು, ಪೆನ್ನು, ಸಿಮ್ಮು, ನಟ್ಟು ಇವುಗಳಲ್ಲಿ ವ್ಯಂಜನ ಇಮ್ಮಡಿಯಾಗಿದೆ. ಕಾರು, ರೋಡು, ಸೀಟು, ಟೇಪು ಇವುಗಳಲ್ಲಿ ಆಗಿಲ್ಲ. ಯಾರಾದರೂ ಹೇಳಿಕೊಟ್ಟರೇ? ಇಲ್ಲ. ಇದು ನಮ್ಮ ನುಡಿಯ ಹಳೆಯ ಕಟ್ಟಳೆ. ಹಳಗನ್ನಡದಲ್ಲಿ ಕಲ್, ಕಣ್, ಮಣ್ ಎಂದಿದ್ದವು ಹೊಸಗನ್ನಡಕ್ಕೆ ಬರುವಾಗ ಕಲ್ಲು, ಕಣ್ಣು, ಮಣ್ಣು ಆದವು. ಕಾಲ್, ಮೀನ್, ಜೇನ್ ಎಂದಿದ್ದವು ಕಾಲು, ಮೀನು, ಜೇನು ಆದವು. ಸ್ವರ ಹ್ರಸ್ವವಾಗಿದ್ದರೆ ವ್ಯಂಜನ ಇಮ್ಮಡಿ, ದೀರ್ಘವಾಗಿದ್ದರೆ ಹಾಗೇ. ಕಲ್ಲು ಹೇಗೋ ಬಸ್ಸು ಹಾಗೆ, ಮೀನು ಹೇಗೋ ಸೀಟು ಹಾಗೆ. ಅಕ್ಷರ ಬಾರದ ಅಜ್ಜಿ ನೂರಾರು ವರ್ಷ ಹಳೆಯ ವ್ಯಾಕರಣ ಸೂತ್ರವನ್ನು ಸಿಮ್ ಕಾರ್ಡಿಗೆ ಹಚ್ಚುತ್ತಿದ್ದಾರೆ. ಎರಡು ವ್ಯಂಜನ ಮೊದಲೇ ಕೂಡಿದ್ದರೆ ಇಮ್ಮಡಿ ಬೇಕಿಲ್ಲ: ಬಲ್ಬು, ಪಂಪು, ಲಿಫ್ಟು.

ನಿಮ್ಮ ಮನೆಯಲ್ಲಿ ಇದನ್ನು ಪರೀಕ್ಷೆ ಮಾಡಬಹುದು. ಅಜ್ಜಿಗೆ ಗೊತ್ತಿಲ್ಲದ ಒಂದು ಚಿಕ್ಕ ಪದ ಹೇಳಿ, ‘ರೀಲ್’ ಅಥವಾ ‘ಚಿಪ್’. ಹತ್ತು ನಿಮಿಷ ಬಿಟ್ಟು ಅದರ ಮಾತು ತೆಗೆಯಿರಿ. ರೀಲು, ಚಿಪ್ಪು ಬಂದರೆ ಕಟ್ಟಳೆ ಜೀವಂತ ಇದೆ. ಯಲಬುರ್ಗಾ, ಕುಷ್ಟಗಿ ಕಡೆ ಧಾರವಾಡದ ಗಾಳಿ ತಾಗಿ ಕೊನೆಯ ಉಕಾರ ಅಕಾರಕ್ಕೆ ಜಾರಿ ‘ಬಸ್ಸ’, ‘ರೋಡ’ ಆಗಿಯೂ ಕೇಳುತ್ತದೆ. ಅದನ್ನು ಬೇರೆ ಗುರುತಿನಿಂದ ಬರೆಯಿರಿ.

ಈ ಬಾಲದಿಂದ ಒಂದು ತಮಾಷೆಯೂ ಹುಟ್ಟುತ್ತದೆ. ಹಾಲ್ ‘ಹಾಲು’ ಆಗುತ್ತದೆ, ಕಪ್ ‘ಕಪ್ಪು’, ಮಿಸ್ ಕಾಲ್ ‘ಮಿಸ್ ಕಾಲು’. ‘ಹಾಲಿನ್ಯಾಗ ಕುಂದ್ರು’ ಅಂದರೆ ಮೀಯುವುದೋ ಕೂರುವುದೋ ಸಂದರ್ಭವೇ ಹೇಳಬೇಕು.

ಇನ್ನು ತಲೆಯ ಕಡೆ. ‘ಸ್’ ಜೊತೆ ಕ, ಟ, ಪ ಕೂಡಿದ್ದರೆ ನಾಲಿಗೆ ಎರಡು ದಾರಿ ಹುಡುಕುತ್ತದೆ. ಒಂದು, ಮುಂದೆ ‘ಇ’ ಸೇರಿಸುವುದು: ಇಸ್ಕೂಲು, ಇಸ್ಪೂನು, ಇಷ್ಟೇಷನ್. ಇನ್ನೊಂದು, ಸಕಾರವನ್ನೇ ಉದುರಿಸುವುದು: ಟೇಸನ್. ಆದರೆ ಅದೇ ‘ಸ್’ ಮುಂದೆ ಲಕಾರ ಬಂದರೆ ‘ಇ’ ಮುಂದಕ್ಕೆ ಬಾರದೆ ನಡುವೆ ನುಗ್ಗುತ್ತದೆ. ಸ್ಲೇಟು ‘ಸಿಲೇಟು’ ಆಗುತ್ತದೆಯೇ ಹೊರತು ‘ಇಸ್ಲೇಟು’ ಆಗುವುದಿಲ್ಲ. ಪ್ಲೇಟು ‘ಪಿಲೇಟು’, ಗ್ಲಾಸು ‘ಗಿಲಾಸ’ ಆದದ್ದೂ ಇದೇ ಸಾಲು. ಲಕಾರ ರಕಾರಗಳು ಮೆತ್ತಗಿನ ಧ್ವನಿಗಳು, ಸ್ವರಕ್ಕೆ ಜಾಗ ಬಿಡುತ್ತವೆ. ಸಕಾರವೂ ಟಕಾರವೂ ಬಿಗಿಯಾಗಿ ಅಂಟಿಕೊಂಡಿರುತ್ತವೆ, ಅವುಗಳ ನಡುವೆ ಸ್ವರ ನುಗ್ಗುವುದಿಲ್ಲ. ಅಷ್ಟೇ ಅಲ್ಲ, ಟಕಾರದ ಪಕ್ಕ ಕೂತ ಸಕಾರಕ್ಕೆ ಅದರ ಚಾಳಿ ಹತ್ತಿ ಷಕಾರವಾಗುತ್ತದೆ: ಪೋಷ್ಟು, ಮಾಷ್ಟರು, ರಿಜಿಷ್ಟರು.

ಇಸ್ಕೂಲು ಎಂದವರನ್ನು ಹಳ್ಳಿಗಮಾರ ಎನ್ನುವವರಿಗೆ ಒಂದು ಮಾತು. ಲ್ಯಾಟಿನ್ನಿನ ‘ಸ್ಕೋಲಾ’ ಸ್ಪೇನಿಗೆ ಹೋಗಿ ‘ಎಸ್ಕ್ವೇಲಾ’ ಆಯಿತು, ಫ್ರಾನ್ಸಿಗೆ ಹೋಗಿ ‘ಎಕೋಲ್’ ಆಯಿತು. ಇಡೀ ಎರಡು ದೇಶಗಳು ಶಾಲೆಯ ಮುಂದೆ ಒಂದು ಸ್ವರ ಇಟ್ಟುಕೊಂಡು ಪುಸ್ತಕವನ್ನೂ ಬರೆದವು. ಎಕ್ಸ್‌ರೇಯನ್ನು ‘ಎಸ್‌ಕ್ರೇ’, ಡೆಸ್ಕನ್ನು ‘ಡೆಕ್ಸ್’ ಅನ್ನುವ ಹಿಂದುಮುಂದೂ ಹಾಗೇ. ಹಕ್ಕಿಗೆ ಇಂಗ್ಲಿಷರು ಈಗ ಅನ್ನುವ ‘ಬರ್ಡ್’ ಅವರ ಹಳೆಯ ನುಡಿಯಲ್ಲಿ ‘ಬ್ರಿಡ್’ ಆಗಿತ್ತು. ‘ಆಸ್ಕ್’ ಎಂಬುದಕ್ಕೆ ‘ಆಕ್ಸ್’ ಎಂಬ ರೂಪ ಅಲ್ಲಿ ನೂರಾರು ವರ್ಷಗಳಿಂದ ಇದೆ. ಎಂಟನೇ ಅಕ್ಷರವನ್ನು ‘ಎಚ್’ ಅನ್ನಬೇಕೋ ‘ಹೆಚ್’ ಅನ್ನಬೇಕೋ ಎಂದು ನಮ್ಮ ಬೋರ್ಡು ಬರೆಯುವವರು ಇನ್ನೂ ತೀರ್ಮಾನಿಸಿಲ್ಲ. ಐರ್ಲೆಂಡಿನಲ್ಲಿ ‘ಹೆಚ್’ ಅನ್ನುವವರೇ ಬಹಳ.

ಪಕಾರ ಫಕಾರದ ಗುಂಪಿನಲ್ಲಿ ಎರಡು ಕಾಲಮ್ಮು ಹಾಕಿ. ಮೊದಲ ಕಾಲಮ್ಮಿನಲ್ಲಿ ಫಕಾರ ಪಕಾರವಾದವು: ಪೋನು, ಪ್ಯಾನು, ಕಾಪಿ. ಎರಡನೆಯದರಲ್ಲಿ ತಿರುಗುಬಾಣ: ಪಕಾರ ಇರಬೇಕಾದಲ್ಲಿ ಫಕಾರ ಬಂದವು, ‘ಫ್ಲಾಸ್ಟಿಕ್’, ‘ಫೆಟ್ರೋಲ್’. ‘ಪೋನು ಅನ್ನಬೇಡ, ಫೋನು ಅನ್ನು’ ಎಂದು ಮಕ್ಕಳು ಒಮ್ಮೆ ಗದರಿದರೆಂದರೆ ಹೇಳಿಸಿಕೊಂಡವರು ಎಲ್ಲ ಪಕಾರಕ್ಕೂ ಅದೇ ಮದ್ದು ಹಾಕುತ್ತಾರೆ. ಶಾಲೆ ‘ಸಾಲಿ’ಯಾಗುವ ನಮ್ಮ ಕಡೆ ಶರ್ಟು ‘ಸರ್ಟು’ ಆಗುವುದು ಸಹಜ. ತಿದ್ದಿಸಿಕೊಂಡವರ ಬಾಯಲ್ಲಿ ಸಂಡೇ ‘ಶಂಡೇ’ ಆಗುವುದೂ ಅಷ್ಟೇ ಸಹಜ. ಎರಡನೇ ಕಾಲಮ್ಮು ಉದ್ದವಾಗಿದ್ದರೆ ಆ ಮನೆಯಲ್ಲಿ ತಿದ್ದುವವರು ಹೆಚ್ಚಿದ್ದಾರೆ ಎಂದೇ ತಿಳಿಯಿರಿ.

ಕೊನೆಯ ಗುಂಪು ಎಲ್ಲಕ್ಕಿಂತ ಸ್ವಾರಸ್ಯದ್ದು: ಕಿವಿಯಿಂದ ಬಂದ ಪದ, ಕಣ್ಣಿನಿಂದ ಬಂದ ಪದ. ‘ಟಿಕೀಟು’, ‘ಬಕೀಟು’ ಅನ್ನುವ ಅಜ್ಜ ಅದನ್ನು ಕೇಳಿ ಕಲಿತವರು. ‘ಟಿಕೆಟ್’, ‘ಬಕೆಟ್’ ಅನ್ನುವ ಮೊಮ್ಮಗ ಕಾಗುಣಿತ ನೋಡಿ ಕಲಿತವನು. ಇಂಗ್ಲಿಷರ ಬಾಯಲ್ಲಿ ಅಲ್ಲಿರುವುದು ಇಕಾರ, ‘ಟಿಕಿಟ್’, ‘ಬಕಿಟ್’. ಅಜ್ಜನೇ ಹತ್ತಿರ. ಶಾಲೆಗೆ ಕಟ್ಟುವ ಹಣಕ್ಕೆ ‘ಪೀಜು’ ಅನ್ನುವವರನ್ನು ‘ಫೀಸು’ ಅನ್ನುವವರು ನಗುತ್ತಾರಲ್ಲ, ಇಂಗ್ಲಿಷಿನಲ್ಲಿ ಆ ಪದದ ಕೊನೆಗೆ ಇರುವುದು ಸಕಾರವಲ್ಲ, ಜ಼ಕಾರ. ಕೊನೆಯ ಧ್ವನಿಯ ಮಟ್ಟಿಗೆ ಪೀಜೇ ಸರಿ. ‘ಕಾಲೇಜು’, ‘ಪ್ಯಾಕೇಜು’ ಎಂಬ ಏಕಾರ ನಾವೆಲ್ಲ ಕಣ್ಣಿನಿಂದ ಓದಿ ಕಟ್ಟಿಕೊಂಡದ್ದು. ಅವರದು ‘ಕಾಲಿಜ್’, ‘ಪ್ಯಾಕಿಜ್’. ಪ್ರತಿ ನಮೂದಿನ ಪಕ್ಕ ‘ಕಿ’ ಅಥವಾ ‘ಕ’ ಎಂದು ಗುರುತು ಹಾಕಿ. ಮನೆಯಲ್ಲಿ ಓದು ಯಾವ ತಲೆಮಾರಿಗೆ ಬಂತು ಎಂಬುದು ಆ ಅಕ್ಷರಗಳನ್ನು ಎಣಿಸಿದರೇ ಗೊತ್ತಾಗುತ್ತದೆ.

ಯಾವ ದಾರಿಯಲ್ಲಿ ಬಂತು

ಮೂರು ಜಿಲ್ಲೆ ಅಕ್ಕಪಕ್ಕ ಇದ್ದರೂ ಇಂಗ್ಲಿಷು ಒಂದೇ ಬಾಗಿಲಿನಿಂದ ಒಳಗೆ ಬಂದದ್ದಲ್ಲ. ಬಳ್ಳಾರಿಯನ್ನು ನಿಜಾಮ 1800ರಲ್ಲೇ ಕುಂಪಣಿಗೆ ಬಿಟ್ಟುಕೊಟ್ಟ. ಹೀಗೆ ಬಿಟ್ಟುಕೊಟ್ಟ ಸೀಮೆಗೆ, ಅಂದರೆ ದತ್ತಮಂಡಲಕ್ಕೆ, ಥಾಮಸ್ ಮನ್ರೋ ಕಲೆಕ್ಟರ್ ಆದ. ‘ಕುಂಪಣಿ’ ಎಂಬುದೇ ಕಂಪನಿ ಎಂಬ ಪದದ ನಮ್ಮ ಉಚ್ಚಾರ. ಆಮೇಲೆ ದಂಡು, ಮದರಾಸಿನ ಆಳ್ವಿಕೆ, ತೆಲುಗು ಗುಮಾಸ್ತರು. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವ ತನಕ ಇದೇ ನಡೆಯಿತು. ರಾಯಚೂರು ಮತ್ತು 1997ರ ತನಕ ಅದರದೇ ಭಾಗವಾಗಿದ್ದ ಕೊಪ್ಪಳ, ನಡುವೆ 1853ರಿಂದ 1860ರವರೆಗೆ ಇಂಗ್ಲಿಷರ ಕೈಗೆ ಹೋಗಿಬಂದದ್ದು ಬಿಟ್ಟರೆ, 1948ರ ತನಕ ನಿಜಾಮನ ಸೀಮೆ. ಅಲ್ಲಿ ಕಚೇರಿಯೂ ಶಾಲೆಯೂ ಉರ್ದು.

ಉರ್ದು ಲಿಪಿಯಲ್ಲಿ ಸ್ಕೂಲ್, ಸ್ಟೇಷನ್ ಬರೆಯುವಾಗ ಮುಂದೆ ಅಲಿಫ್ ಎಂಬ ಅಕ್ಷರ ಇಟ್ಟೇ ಬರೆಯುತ್ತಾರೆ. ಓದುವುದು ಇಸ್ಕೂಲ್, ಇಸ್ಟೇಷನ್. ಅಂದರೆ ನಿಜಾಮನ ಕಾಲದಲ್ಲಿ ಓದಿದ ರಾಯಚೂರಿನ ಅಜ್ಜನಿಗೆ ‘ಇಸ್ಕೂಲ್’ ಎಂಬುದು ಮಾಸ್ತರರು ಹಲಗೆಯ ಮೇಲೆ ಬರೆದು ಕಲಿಸಿದ ಶುದ್ಧ ರೂಪ. ಮುಂಬೈ ಕಡೆಯ ರೈಲು ದಾರಿಯೂ ಮದರಾಸ್ ಕಡೆಯ ದಾರಿಯೂ 1871ರಲ್ಲಿ ರಾಯಚೂರಿನಲ್ಲೇ ಬಂದು ಕೂಡಿದ್ದರಿಂದ ಊರಿಗೆ ಆ ‘ಇಷ್ಟೇಷನ್’ ಬಹಳ ಹಳೆಯ ನೆಂಟ.

ತೆಲುಗಿನ ಗುರುತು ಬೇರೆ. ತೆಲುಗಿನಲ್ಲಿ ಕಾಲೇಜು ‘ಕಾಲೇಜೀ’, ಗ್ಯಾರೇಜು ‘ಗ್ಯಾರೇಜೀ’. ಬಳ್ಳಾರಿ, ಸಿರುಗುಪ್ಪ ಗಡಿಯಲ್ಲಿ ಅಥವಾ ತುಂಗಭದ್ರಾ ನೀರು ಬಂದ ಮೇಲೆ ಆಂಧ್ರದಿಂದ ಬಂದು ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತ ನೆಲೆಸಿದವರ ಕ್ಯಾಂಪುಗಳಲ್ಲಿ ಆ ದೀರ್ಘ ಈಕಾರ ಸಿಕ್ಕರೆ ಪಕ್ಕದಲ್ಲಿ ‘ತೆ’ ಎಂದು ಬರೆಯಿರಿ. ‘ಕ್ಯಾಂಪು’ ಎಂಬುದೂ ಪಟ್ಟಿಗೆ ಸೇರಲಿ. ಇಂಗ್ಲಿಷಿನಲ್ಲಿ ನಾಲ್ಕು ದಿನದ ಬಿಡಾರ, ಇಲ್ಲಿ ಗುಡಿ, ಶಾಲೆ, ರೈಸ್‌ಮಿಲ್ಲು ಇರುವ ಕಾಯಂ ಊರು.

ಒಂದು ಎಚ್ಚರ. ಪರಕೀಯವಾಗಿ ಕಂಡದ್ದೆಲ್ಲ ಇಂಗ್ಲಿಷಲ್ಲ. ರಸೀದಿ ಫಾರ್ಸಿಯದು, ಇಂಗ್ಲಿಷಿನ ರಿಸೀಟಿಗೂ ಅದಕ್ಕೂ ನಂಟಿಲ್ಲ. ಪಗಾರ, ಚಾವಿ, ಅಲ್ಮಾರಿ ಪೋರ್ಚುಗೀಸರಿಂದ ಬಂದವು. ಇವನ್ನು ಬೇರೆ ಪುಟಕ್ಕೆ ಹಾಕಿ.

ಮನೆಯದೋ, ಓಣಿಯದೋ

ಒಂದು ರೂಪ ನಿಮ್ಮ ಮನೆಯದು ಮಾತ್ರವೋ ಸೀಮೆಯದೋ ಎಂದು ತಿಳಿಯಲು ಮೂರು ಸುತ್ತು ಹಾಕಿ. ಪಕ್ಕದ ಮನೆ, ಸಂತೆಯ ಅಂಗಡಿ, ಬೇರೆ ತಾಲೂಕಿನ ಬೀಗರು. ಮೂರೂ ಕಡೆ ಸಿಕ್ಕರೆ ಸೀಮೆಯ ಪದ. ಎಲ್ಲೂ ಸಿಗದಿದ್ದರೆ ಯಾವುದೋ ಮಗು ತೊದಲುವಾಗ ಅಂದದ್ದು ಮನೆಯಲ್ಲಿ ಕಾಯಂ ಆಗಿ ಉಳಿದಿರಬೇಕು. ಮಗು ದೊಡ್ಡದಾಗಿ ನೌಕರಿ ಸೇರಿದರೂ ಮನೆಯಲ್ಲಿ ಐಸ್‌ಕ್ರೀಮಿಗೆ ಅದರ ಎರಡನೇ ವರ್ಷದ ಹೆಸರೇ ನಡೆಯುತ್ತಿರುತ್ತದೆ. ಇಂಥವಕ್ಕೆ ಲೆಕ್ಕ ಹುಡುಕಬೇಡಿ. ಯಾರು, ಯಾವ ವಯಸ್ಸಿನಲ್ಲಿ ಅಂದದ್ದು ಎಂದಷ್ಟು ಬರೆಯಿರಿ. ಕೊಪ್ಪಳದವರಿಗೆ ಈ ಸುತ್ತು ಹಾಕಲು ಜನವರಿಯ ಗವಿಮಠದ ಜಾತ್ರೆಗಿಂತ ಒಳ್ಳೆಯ ಹೊತ್ತಿಲ್ಲ. ಎಲ್ಲ ತಾಲೂಕಿನ ಬೀಗರೂ ಒಂದೇ ಅಂಗಳದಲ್ಲಿ ಮಿರ್ಚಿ ತಿನ್ನುತ್ತ ಸಿಗುತ್ತಾರೆ.

ತಿದ್ದಲೇಬೇಕಾದ ಕಡೆ

ಮನೆಮಾತಿನಲ್ಲಿ ಯಾವುದನ್ನೂ ತಿದ್ದುವ ಅಗತ್ಯವಿಲ್ಲ. ಆದರೆ ಎರಡು ಕಡೆ ಉಚ್ಚಾರ ನೆಚ್ಚಿ ಕೂತರೆ ತೊಂದರೆಯಾಗುತ್ತದೆ. ಒಂದು ಮಾತ್ರೆಯ ಹೆಸರು. ಒಂದಕ್ಷರ ಬೇರೆಯಾದರೆ ಬೇರೆಯೇ ಮದ್ದು ಕೈಗೆ ಬರಬಹುದು. ಬಾಯಲ್ಲಿ ಹೇಳಿ ಕಳಿಸದೆ ಹಳೆಯ ಮಾತ್ರೆಯ ಸ್ಟ್ರಿಪ್ಪನ್ನೇ ಕೊಟ್ಟು ಕಳಿಸಿ, ಇಲ್ಲವೇ ಹೆಸರು ಕಾಣುವಂತೆ ಫೋಟೊ ತೆಗೆದು ಕಳಿಸಿ. ಕತ್ತರಿಸುವಾಗ ಹೆಸರಿರುವ ತುದಿಯನ್ನು ಕೊನೆಗೆ ಉಳಿಸಿಕೊಳ್ಳುವ ಅಭ್ಯಾಸ ಮಾಡಿಸಿ.

ಇನ್ನೊಂದು, ಫೋನಿನಲ್ಲಿ ಅಕ್ಷರ ಮತ್ತು ಅಂಕಿ ಹೇಳುವುದು. ಬಿ, ಡಿ, ಪಿ, ಟಿ ಎಲ್ಲವೂ ಒಂದೇ ಹಾಗೆ ಕೇಳುತ್ತವೆ, ಎಂ-ಎನ್, ಎಫ್-ಎಸ್ ಕೂಡ. ಊರಿನ ಹೆಸರು ಹತ್ತಿಸಿ ಹೇಳಲು ಕಲಿಸಿ: ಬಿ ಬಳ್ಳಾರಿ, ಡಿ ದೆಹಲಿ, ಪಿ ಪುಣೆ, ಟಿ ತುಮಕೂರು, ಎಂ ಮೈಸೂರು, ಎನ್ ನಾಗಪುರ, ಎಸ್ ಸಿಂಧನೂರು, ಜಿ ಗಂಗಾವತಿ, ಜೆ ಜೈಪುರ, ಕೆ ಕೊಪ್ಪಳ, ಆರ್ ರಾಯಚೂರು. ಎಫ್‌ಗೆ ಫ್ಯಾನು, ಝಡ್‌ಗೆ ಝೀಬ್ರಾ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿ. ಅಂಕಿಯಲ್ಲಿ ‘ಎರಡು ಐದು’ ಎಂಬುದು ಹಿರಿಯರ ಬಾಯಲ್ಲಿ 55, ಕೇಳುವವರ ಕಿವಿಯಲ್ಲಿ 25. ಐದು ಐದು ಎಂದು ಬಿಡಿಬಿಡಿಯಾಗಿ ಹೇಳುವುದೇ ಸರಿ. ಡಬಲ್, ಟ್ರಿಪಲ್ ಯಾವುದೂ ಬೇಡ. ಒಟಿಪಿಯನ್ನಂತೂ ಯಾವ ಉಚ್ಚಾರದಲ್ಲೂ ಯಾರಿಗೂ ಹೇಳುವುದು ಬೇಡ.

ಇಡುವ ಬಗೆ

ಫೈಲಿಗೆ ಸಂಖ್ಯೆ ಮೊದಲು, ಆಮೇಲೆ ಹೇಳಿದವರು, ಪದ, ವರ್ಷ: ‘017 ಅಜ್ಜಿ ಗಿಲಾಸ 2025’. ಸಂಖ್ಯೆ ಮೊದಲಿದ್ದರೆ ನೋಟ್‌ಬುಕ್ಕಿನ ಕ್ರಮವೂ ಫೋನಿನ ಕ್ರಮವೂ ಒಂದೇ ಆಗುತ್ತದೆ. ಮೂಲ ಫೈಲು ಪೆನ್‌ಡ್ರೈವಿನಲ್ಲಿ ಒಂದು, ಇಂಟರ್‌ನೆಟ್ ಖಾತೆಯಲ್ಲಿ ಒಂದು, ಬೇರೆ ಊರಿನ ನೆಂಟರ ಬಳಿ ಒಂದು ಇರಲಿ. ನೋಟ್‌ಬುಕ್ಕಿನ ಎಡಪುಟವನ್ನು ಪೂರ್ತಿ ಖಾಲಿ ಬಿಡಿ. ಮನೆಗೆ ಬಂದ ಸೋದರತ್ತೆ ಓದುತ್ತ ‘ನಮ್ಮವ್ವ ಹಿಂಗ ಅಂತಿದ್ದಿಲ್ಲ’ ಎಂದು ಜಗಳ ತೆಗೆಯುವುದು ಖಂಡಿತ, ಆಗ ಅವರ ಕೈಗೇ ಪೆನ್ನು ಕೊಟ್ಟು ಬರೆಸಿಕೊಳ್ಳಲು ಜಾಗ ಬೇಕಾಗುತ್ತದೆ.